ನಿರ್ಜನತೆಯೇ ಪ್ರಶಾಂತತೆಯಲ್ಲ

ಹೊಸನಗರ ತಾಲ್ಲೂಕಿನ ಹುಂಚದ ಬಳಿಯ ಬೆಟ್ಟಗಳಲ್ಲಿ ಹುಟ್ಟುವ ಕುಮುದ್ವತಿ ಶಿಕಾರಿಪುರದ ಸೀಮೆಯನ್ನು ಹಾದು, ಮಾಸೂರಿನ ಸಮೀಪ ಗುಡ್ಡಗಳ ಸಂದಿನಲ್ಲಿ ಮದಗದ ಕೆರೆಯನ್ನು ತುಂಬಿ, ರಟ್ಟೀಹಳ್ಳಿಯನ್ನು ಮುಟ್ಟುತ್ತದೆ. ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಮಲೆನಾಡಿನ ಮಳೆಯನ್ನು ಬಯಲುಸೀಮೆಗೆ ಒಯ್ಯುವ ಈ ಪುಟ್ಟ ನದಿಯ ದಂಡೆ, ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯದ ಮೂರು ಗರ್ಭಗುಡಿಗಳು, ವಿಜಯನಗರ ಕಾಲದ ಮದಗದ ಏರಿ, ಇವೆಲ್ಲವೂ ಈಗ ಕ್ಯಾಮೆರಾಗಳಿಗೆ ಪರಿಚಿತವಾದ ತಾಣಗಳು. ಕೈಯಲ್ಲಿ ಮೊಬೈಲು ಇರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದು ಛಾಯಾಗ್ರಾಹಕನೇ. ಅದು ಸಂತೋಷದ ಸಂಗತಿ. ಆಕ್ಷೇಪವಿರುವುದು ಚಿತ್ರ ತೆಗೆಯುವುದಕ್ಕಲ್ಲ. ತೆಗೆಯುವ ಮುನ್ನ ಹೊಳೆಯ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿರುವ ಹೆಣ್ಣುಮಗಳಿಗೆ ಹೇಳುವ ಆ ಒಂದು ಮಾತಿಗೆ: "ಯವ್ವಾ, ಸ್ವಲ್ಪ ಆ ಕಡೆ ಸರೀರಿ."

ಆಕೆ ಸರಿಯುತ್ತಾಳೆ. ದನ ಕಾಯುವ ಹುಡುಗನೂ ಸರಿಯುತ್ತಾನೆ. ಪಂಪ್‌ಸೆಟ್ಟಿನ ಪೈಪು, ವಿದ್ಯುತ್ ಕಂಬ, ಒಣಹಾಕಿದ ಸೀರೆ ಇವು ಚೌಕಟ್ಟಿನ ಹೊರಗುಳಿಯುವಂತೆ ಕೋನ ಬದಲಾಗುತ್ತದೆ. ಉಳಿಯುವುದು ನೀರು, ಮಂಜು, ಒಂದು ಮರ. ಅದಕ್ಕೆ 'ಪ್ರಶಾಂತ ನಿಸರ್ಗ' ಎಂಬ ಹೆಸರು. ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ, ರೆಸಾರ್ಟುಗಳ ಗೋಡೆಗಳ ಮೇಲೆ ರಾರಾಜಿಸುವ ಶಾಂತಿಯೆಲ್ಲ ಹೀಗೆ ಯಾರನ್ನೋ ಆಚೆಗೆ ಸರಿಸಿ ಪಡೆದದ್ದು. ಮನುಷ್ಯನಿಲ್ಲದ ಕಡೆ ಮಾತ್ರ ಶಾಂತಿಯಿದೆ ಎಂಬ ಈ ನಂಬಿಕೆ ಎಲ್ಲಿಂದ ಬಂತು?

ಛಾಯಾಗ್ರಹಣದ ಚರಿತ್ರೆಯೇ ಒಂದು ಸುಳಿವು ಕೊಡುತ್ತದೆ. 1838ರಲ್ಲಿ ಫ್ರಾನ್ಸಿನ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನರಿಂದ ತುಂಬಿದ್ದ ಆ ಬೀದಿ ಚಿತ್ರದಲ್ಲಿ ಬಿಕೋ ಎನ್ನುತ್ತದೆ. ಫಲಕದ ಮೇಲೆ ಬಿಂಬ ಮೂಡಲು ಹಲವು ನಿಮಿಷಗಳು ಬೇಕಾಗಿದ್ದವು. ಚಲಿಸುತ್ತಿದ್ದವರು ಯಾರೂ ಅದರಲ್ಲಿ ದಾಖಲಾಗಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಮನುಷ್ಯನೊಬ್ಬ ಮಾತ್ರ ಗುರುತು ಸಿಗುವಂತೆ ಉಳಿದುಕೊಂಡ. ಅಂದಿನ ಆ ನಿರ್ಜನತೆ ಯಂತ್ರದ ಅಸಾಮರ್ಥ್ಯವಾಗಿತ್ತು. ಇಂದು ಅದನ್ನೇ ಸೌಂದರ್ಯವೆಂದು ಕಲಿಸಲಾಗುತ್ತಿದೆ. ಹರಿಯುವ ನೀರು ಹಾಲಿನ ಕೆನೆಯಂತೆ ಕಾಣಲಿ ಎಂದು ಶಟರನ್ನು ಬಹುಹೊತ್ತು ತೆರೆದಿಡುವ ವಿಧಾನ ಈಗ ಜನಪ್ರಿಯ. ನದಿಯ ಅಲೆ, ಸುಳಿ, ಸದ್ದು ಎಲ್ಲವನ್ನೂ ಅಳಿಸಿ ಪಡೆದ ನೀರಿಗೆ ನದಿ ಎನ್ನಬಹುದೆ?

ಇದು ಕಲೆಯ ಅಭಿರುಚಿಯ ಪ್ರಶ್ನೆಯಷ್ಟೇ ಆಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ನೆಲವನ್ನು ಖಾಲಿಯೆಂದು ಕಾಣುವ ಕಣ್ಣು ಕ್ಯಾಮೆರಾದ ಹಿಂದೆ ಮಾತ್ರ ಇರುವುದಿಲ್ಲ. ಸರಕಾರಿ ಕಡತದ ಹಿಂದೆಯೂ ಇರುತ್ತದೆ. 1984ರಲ್ಲಿ ರಾಜ್ಯ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿದವು. ಅಂದಿನ ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿ ಬೆಳೆಯಲು ಅದಕ್ಕೆ ಒಪ್ಪಿಸುವ ಯೋಜನೆ ಅದು. ಕಡತದ ಭಾಷೆಯಲ್ಲಿ ಅವು 'ಸಿ ಮತ್ತು ಡಿ ದರ್ಜೆಯ' ಭೂಮಿಗಳು, ಅಂದರೆ ಹೆಚ್ಚು ಬೆಲೆಯಿಲ್ಲದ ಪಾಳು. ಊರಿನ ಭಾಷೆಯಲ್ಲಿ ಅವು ದನ ಮೇಯುವ, ಸೌದೆ ಆಯುವ, ಸೊಪ್ಪು ತರುವ, ಹಸಿದ ವರ್ಷ ಹಣ್ಣುಹಂಪಲು ಕೊಡುವ ನೆಲಗಳು. ಕಡತದ ಚೌಕಟ್ಟಿನಿಂದ ದನ, ಸೌದೆ, ಮನುಷ್ಯ ಎಲ್ಲವೂ ಹೊರಗುಳಿದಿದ್ದವು. ಬಟ್ಟೆ ಒಗೆಯುವವಳನ್ನು ಆಚೆಗೆ ಸರಿಸುವ ಚಿತ್ರಕ್ಕೂ ಈ ಕಡತಕ್ಕೂ ಇರುವ ನಂಟು ಇದು: ಎರಡರಲ್ಲೂ ನೆಲ ಮೊದಲು ನಿರ್ಜನವಾಗುತ್ತದೆ, ಆಮೇಲೆ ಅದು ಬೇರೆಯವರ ಬಳಕೆಗೆ ಸಿದ್ಧವಾಗುತ್ತದೆ.

ಇದಕ್ಕೆ ಉತ್ತರ ಬಂದದ್ದು ರಟ್ಟೀಹಳ್ಳಿಗೆ ದೂರವಲ್ಲದ ಹಾನಗಲ್ ತಾಲ್ಲೂಕಿನ ಕುಸನೂರಿನಿಂದ. 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಅಲ್ಲಿ ಸೇರಿದ ಜನ ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ತಮಗೆ ಉಪಯೋಗವಾಗುವ ಮರಗಳ ಸಸಿಗಳನ್ನು ನೆಟ್ಟರು. ನೆಡುವುದಕ್ಕೆ ಈ ಸೀಮೆಯಲ್ಲಿ 'ಹಚ್ಚುವುದು' ಎನ್ನುತ್ತಾರೆ. ಆ ಮಾತಿನಿಂದಲೇ ಅದು 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವಾಯಿತು. ಹಳ್ಳಿಗರ ಹೋರಾಟ ಮತ್ತು ನ್ಯಾಯಾಲಯದ ಹೋರಾಟ ಜೊತೆಜೊತೆಗೆ ನಡೆದು, 1991ರಲ್ಲಿ ಆ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಕುಸನೂರಿನವರು ಮೂವತ್ತು ವರ್ಷ ಮೊದಲೇ ಕಂಡದ್ದನ್ನು ಕಡತ ಆಗ ಕಂಡಿತು.

ನೀಲಗಿರಿಯ ತೋಪು ಚಿತ್ರದಲ್ಲಿ ಬಲು ಸುಂದರ. ನೇರ ಕಾಂಡಗಳ ಸಾಲು, ನಡುವೆ ಇಳಿಯುವ ಬೆಳಗಿನ ಬಿಸಿಲುಕೋಲು, ನೆಲದ ಮೇಲೆ ಉದ್ದುದ್ದ ನೆರಳು. ಪ್ರಶಾಂತತೆಗೆ ಇನ್ನೇನು ಬೇಕು? ಆದರೆ ಅಲ್ಲಿನ ಮೌನ ಹುಲ್ಲು ಬಡವಾದ ನೆಲದ ಮೌನ, ದನಕ್ಕೆ ಮೇವಿಲ್ಲದ, ಹಕ್ಕಿಗೆ ಹಣ್ಣಿಲ್ಲದ ಕಾಡಿನ ಮೌನ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಅಭಯಾರಣ್ಯದೊಳಗೂ ಇದೇ ನೀಲಗಿರಿ ಬೇರೂರಿತು. ಕೃಷ್ಣಮೃಗಕ್ಕೂ, ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು ಹಕ್ಕಿಗೂ ಬೇಕಾದದ್ದು ತೆರೆದ ಹುಲ್ಲುಬಯಲು. ಎರ್ಲಡ್ಡು ಇಂದು ಅಲ್ಲಿಲ್ಲ. ಮರದ ಸಾಲಿನ ಹಸಿರನ್ನು ಕಂಡು ಕಣ್ಣು ತಂಪಾಯಿತೆನ್ನುವವರಿಗೆ ಈ ಗೈರುಹಾಜರಿ ಚಿತ್ರದಲ್ಲಿ ಕಾಣಿಸುವುದಿಲ್ಲ.

ನಿಸರ್ಗದ ಸುಂದರ ಚಿತ್ರಗಳು ಪ್ರೀತಿಯನ್ನು ಹುಟ್ಟಿಸುತ್ತವೆ, ಪ್ರೀತಿ ರಕ್ಷಣೆಗೆ ದಾರಿಯಾಗುತ್ತದೆ ಎಂಬ ವಾದವುಂಟು. ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಕಾರ್ಲಟನ್ ವಾಟ್ಕಿನ್ಸ್ 1861ರಲ್ಲಿ ಯೊಸೆಮಿಟಿ ಕಣಿವೆಯ ಚಿತ್ರಗಳನ್ನು ತೆಗೆದ. 1864ರಲ್ಲಿ ಆ ಕಣಿವೆಯನ್ನು ಕಾಯ್ದಿರಿಸುವ ಕಾಯಿದೆಗೆ ಲಿಂಕನ್ ಸಹಿ ಹಾಕಿದರು. ಅದಕ್ಕೆ ಜನಮತ ಮೂಡಿಸುವಲ್ಲಿ ಆ ಚಿತ್ರಗಳ ಪಾಲೂ ಇತ್ತು. ಆದರೆ ವಾಟ್ಕಿನ್ಸ್ ಅಲ್ಲಿಗೆ ಹೋಗುವ ಹತ್ತು ವರ್ಷ ಮುಂಚೆ, 1851ರಲ್ಲಿ, ಆ ಕಣಿವೆಯ ಮೂಲನಿವಾಸಿಗಳ ಮೇಲೆ ಸಶಸ್ತ್ರ ದಳವೊಂದು ದಂಡೆತ್ತಿ ಹೋಗಿ, ಅವರ ಹಳ್ಳಿಗಳನ್ನು ಸುಟ್ಟು ಹೊರಗಟ್ಟಿತ್ತು. ಜಗತ್ತು ಮೆಚ್ಚಿದ ಆ ಶಾಂತಿಯ ಹಿಂದೆ ಬೂದಿಯಿತ್ತು. ಅಭಯಾರಣ್ಯಗಳ ಹೆಸರಿನಲ್ಲಿ ಎತ್ತಂಗಡಿಯ ಮಾತು ಕೇಳುತ್ತಲೇ ಬದುಕುವ ಮಲೆನಾಡಿನ ಹಳ್ಳಿಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕದಲ್ಲಿಯೇ ಬೇರೊಂದು ಮಾದರಿಯಿದೆ. ಕುದುರೆಮುಖದ ಗಣಿಗಾರಿಕೆಯ ವಿರುದ್ಧ ಚಳವಳಿ ನಡೆದಾಗ 2001ರಲ್ಲಿ ಶೇಖರ್ ದತ್ತಾತ್ರಿಯವರು ತೆಗೆದ ಸಾಕ್ಷ್ಯಚಿತ್ರ ಶೋಲಾ ಕಾಡಿನ ಚೆಲುವನ್ನು ತೋರಿಸಿತು. ಅದರ ಪಕ್ಕದಲ್ಲಿಯೇ ಬಗೆದ ಗುಡ್ಡವನ್ನೂ ಭದ್ರೆಗೆ ಹರಿಯುವ ಕೆಂಪು ಹೂಳನ್ನೂ ತೋರಿಸಿತು. ಗಾಯವನ್ನು ಚೌಕಟ್ಟಿನ ಹೊರಗಿಡಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಬರಿಯ ಚೆಲುವನ್ನು ತೋರಿಸುವ ಚಿತ್ರ ಪ್ರವಾಸಿಗರನ್ನು ಕರೆಯುತ್ತದೆ. ಚೆಲುವಿಗೆ ಒದಗಿದ್ದನ್ನೂ ತೋರಿಸುವ ಚಿತ್ರ ಸಾಕ್ಷಿ ಹೇಳುತ್ತದೆ.

ಹಾಗೆಂದು ಪ್ರತಿ ಚಿತ್ರವೂ ದೂರು ಅರ್ಜಿಯಾಗಬೇಕೆಂದಲ್ಲ. ನೆಮ್ಮದಿಯನ್ನು ಚಿತ್ರಿಸಲೇಬೇಕು, ಅದು ಇರುವ ಕಡೆ. ಸಂಜೆ ಹೊಳೆಯಲ್ಲಿ ಎಮ್ಮೆಯ ಮೈ ತೊಳೆಯುವವನ ಕೈಯಲ್ಲಿ ಅದಿದೆ. ಸುಗ್ಗಿ ಮುಗಿದು ಕಟ್ಟೆಯ ಮೇಲೆ ಕೂತವರ ಬೆನ್ನಿನಲ್ಲಿದೆ. ಕದಂಬೇಶ್ವರನ ಗುಡಿಯ ಕಂಬಕ್ಕೆ ಒರಗಿ ನಿದ್ರಿಸುವ ಮುದುಕನಲ್ಲಿದೆ. ಇದು ದುಡಿಮೆಯ ಜೊತೆಗೆ ಬರುವ ನೆಮ್ಮದಿ. ಇದಕ್ಕಾಗಿ ಯಾರನ್ನೂ ಸರಿಸಬೇಕಾಗಿಲ್ಲ. ಮದಗದ ಕೆರೆಯೇ ಮನುಷ್ಯ ಕಟ್ಟಿದ್ದು. ಅದನ್ನು ಕಟ್ಟಿದವರ, ಕಾಯ್ದವರ, ಅದರಿಂದ ಉಂಡವರ ವಂಶದವರನ್ನು ಹೊರಗಿಟ್ಟು 'ಅಸ್ಪೃಷ್ಟ ನಿಸರ್ಗ' ಎಂದು ಹೆಸರಿಡುವುದು ಶುದ್ಧ ಸುಳ್ಳು.

ವಿದ್ಯಾರ್ಥಿಗಳು ಇಷ್ಟನ್ನು ಮಾಡಬಹುದು. ಒಂದೇ ಜಾಗದ ಚಿತ್ರವನ್ನು ಮಳೆ, ಚಳಿ, ಬೇಸಿಗೆ ಮೂರರಲ್ಲೂ ತೆಗೆಯಲಿ. ತುಂಬಿದ ಹೊಳೆಯ ಪಕ್ಕದಲ್ಲಿ ಬತ್ತಿದ ಹೊಳೆಯೂ ಇರಲಿ. ಚಿತ್ರದ ಕೆಳಗೆ ಊರು, ತಾರೀಖು, ಆ ನೆಲ ಗೋಮಾಳವೋ ಕೆರೆಯಂಗಳವೋ ಕಾಡೋ, ಅಲ್ಲಿ ಯಾರು ಏನು ಮಾಡುತ್ತಾರೆ ಎಂಬುದನ್ನು ಬರೆಯಲಿ. ಚಿತ್ರದಲ್ಲಿರುವವರ ಒಪ್ಪಿಗೆ ಕೇಳಲಿ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಇಂತಹ ಚಿತ್ರಗಳು ಅದಕ್ಕೆ ಸೇರಲಿ. ನಾಳೆ ಯಾರಾದರೂ ಬಂದು ಈ ನೆಲ ಪಾಳು, ಇಲ್ಲಿ ಯಾರೂ ಇಲ್ಲ ಎಂದಾಗ ತೆಗೆದು ತೋರಿಸಲು ಅವು ಉಳಿದಿರುತ್ತವೆ.

ಇನ್ನು ಮುಂದೆ ಬಂಡೆಯ ಮೇಲಿರುವ ಹೆಣ್ಣುಮಗಳು ಸರಿಯುವುದು ಬೇಡ. ಸರಿಯಬೇಕಾದದ್ದು ಕ್ಯಾಮೆರಾ.