ಅಪ್‌ಡೇಟ್ ಮಾಡಿದ ತಪ್ಪಿಗೆ ಹುಡುಗನಿಗೆ ದಂಡ



ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು ಜಗಳಕ್ಕೆ ಬಂದಿದ್ದೇನೆ. ಜಗಳ ನಿಮ್ಮಲ್ಲೇ ಕೆಲವರೊಡನೆ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕುಳಿತು ತಂತ್ರಾಂಶ ಬರೆಯುವವರು ನನ್ನ ಶಿಷ್ಯರಲ್ಲಿ ಡಜನ್‌ಗಟ್ಟಲೆ ಇದ್ದೀರಿ. ಅದು ನನಗೆ ಹೆಮ್ಮೆಯ ಸಂಗತಿಯೇ. ಆದರೆ ಪೀಣ್ಯದ ಒಂದು ಶೆಡ್ಡಿನಲ್ಲಿ ಕಂಡದ್ದನ್ನು ನಿಮಗೆ ಹೇಳದೆ ಇರಲಾರೆ.

ಪೀಣ್ಯ ಎರಡನೆಯ ಹಂತದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸಣ್ಣ ಕಾರ್ಖಾನೆಯಿದೆ. ಎರಡು ವಿ.ಎಂ.ಸಿ. ಯಂತ್ರಗಳು, ಒಂದು ಲೇತು, ಆರು ಜನ ಕೆಲಸಗಾರರು. ಯಂತ್ರಗಳು ಹಳೆಯವು, ಅವಕ್ಕೆ ಪ್ರೋಗ್ರಾಂ ಕಳುಹಿಸುವುದು ಆರ್.ಎಸ್. 232 ಎಂಬ ಸೀರಿಯಲ್ ಪೋರ್ಟಿನ ಮೂಲಕ. ಆ ಮಾನಕ ಹುಟ್ಟಿದ್ದು 1960ರಲ್ಲಿ, ಅಂದರೆ ಹೆಚ್ಚು ಕಡಿಮೆ ನನ್ನ ಓರಗೆಯದು. ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ. ಇಂದಿನ ಕಂಪ್ಯೂಟರುಗಳಲ್ಲಿ ಆ ಪೋರ್ಟು ಇಲ್ಲದ್ದರಿಂದ ನಡುವೆ ಯು.ಎಸ್.ಬಿ. ಕನ್ವರ್ಟರ್ ಎಂಬ ಮೊಳದುದ್ದದ ಒಂದು ವೈರು ಬೇಕು. ಲಕ್ಷಾಂತರ ರೂಪಾಯಿಯ ಯಂತ್ರವೂ ಆರು ಸಂಸಾರಗಳ ಅನ್ನವೂ ಆ ವೈರಿಗೆ ತೂಗುಬಿದ್ದಿವೆ.

ಕಳೆದ ಆಯುಧಪೂಜೆಗೆ ಶೆಡ್ಡನ್ನೆಲ್ಲ ತೊಳೆದು, ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಚುರುಮುರಿ ಹಂಚಿ ಎಲ್ಲರೂ ಮನೆಗೆ ಹೋದರು. ಕಂಪ್ಯೂಟರ್ ಮಾತ್ರ ಚಾಲೂ ಇದ್ದಂತೆಯೇ ಉಳಿಯಿತು. ವಿಜಯದಶಮಿಯ ರಜೆ ಕಳೆದು ಮರುದಿನ ಬಂದು ನೋಡಿದರೆ ಯಂತ್ರಕ್ಕೆ ಪ್ರೋಗ್ರಾಂ ಹೋಗುತ್ತಿಲ್ಲ. ಪೂಜೆಯ ದಿನ ಕಂಪ್ಯೂಟರ್ ಮೇಜನ್ನು ಒರೆಸಿದವನು ಲಿಂಗಸುಗೂರು ಕಡೆಯ ಇಪ್ಪತ್ತರ ಹುಡುಗ. ತಪ್ಪು ಅವನ ತಲೆಗೆ ಬಂತು. 'ನಾ ನೀರು ಮುಟ್ಟಿಸಿಲ್ರಿ ಸರ್, ಒಣ ಬಟ್ಟಿಲೇ ಒರೆಸೀನ್ರಿ' ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ರಿಪೇರಿಯವನು ಬಂದು ವೈರು ಸತ್ತಿದೆ ಎಂದ. ಹೊಸ ವೈರು ತಂದರು. ಅದರ ಒಂಬೈನೂರು ರೂಪಾಯಿ ಹುಡುಗನ ಸಂಬಳದಲ್ಲಿ ಮುರಿದರು. ಹೊಸ ವೈರೂ ಮಾತನಾಡಲಿಲ್ಲ. ಆಗ ರಿಪೇರಿಯವನು ಮದರ್‌ಬೋರ್ಡೇ ಹೋಗಿದೆ ಎಂದ. ಹುಡುಗ ಅದರ ಬೆಲೆ ಕೇಳಿ ಹೆದರಿ ಮರುದಿನದಿಂದ ಕೆಲಸಕ್ಕೇ ಬರಲಿಲ್ಲ.

ಪ್ರಸಾದ ಕೊಡಲು ನನ್ನ ಮನೆಗೆ ಬಂದಿದ್ದ ಶಿಷ್ಯ ಇದನ್ನೆಲ್ಲ ಹೇಳಿಕೊಂಡು, 'ನೋಡಿ ಸಾರ್, ಹಬ್ಬ ಮಾಡಿ ನಷ್ಟ ಮಾಡಿಕೊಂಡೆ' ಎಂದ. ನಾನು ಎಂಜಿನಿಯರ್ ಅಲ್ಲ; ವಿಜ್ಞಾನ ಪಾಠ ಹೇಳಿದವನು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂದು ಎಂಟನೆಯ ತರಗತಿಯಲ್ಲಿ ನಾನೇ ಇವನಿಗೆ ಕಲಿಸಿದ್ದೆ, ಇವನು ಮರೆತಿದ್ದ. 'ನಡಿಯಪ್ಪ' ಎಂದು ಜೊತೆಗೆ ಹೊರಟೆ. ಸತ್ತಿದೆ ಎಂದ ವೈರನ್ನು ಪಕ್ಕದ ಶೆಡ್ಡಿನ ಕಂಪ್ಯೂಟರಿಗೆ ಚುಚ್ಚಿದೆವು. ಸರಿಯಾಗಿಯೇ ಇತ್ತು! ಹೊಸ ವೈರೂ ಅಲ್ಲಿ ಸರಿಯಿತ್ತು. ಹಿಂದಿರುಗಿ ಬಂದು ಇವನ ಕಂಪ್ಯೂಟರಿನ ಅಪ್‌ಡೇಟ್ ಚರಿತ್ರೆ ತೆರೆಸಿದೆ. ಆಯುಧಪೂಜೆಯ ರಾತ್ರಿಯ ತಾರೀಖು ಅಲ್ಲಿ ಕುಳಿತಿತ್ತು. ಹಳೆಯ ಡ್ರೈವರಿಗೆ ಮರಳಿಸಿದ ಮೇಲೆ ಯಂತ್ರ ಪ್ರೋಗ್ರಾಂ ತೆಗೆದುಕೊಂಡಿತು. ಇಪ್ಪತ್ತು ನಿಮಿಷದ ಕೆಲಸ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ನನ್ನ ಸೇವಾವಧಿಯಲ್ಲಿ ಸಿಕ್ಕಿರಲಿಲ್ಲ.

ತಂತ್ರಾಂಶದ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು. ಯು.ಎಸ್.ಬಿ. ಎಂಬ ಏರ್ಪಾಡು 1996ರ ಜನವರಿಯಲ್ಲಿ ಬಂದಿತು. ಅದನ್ನು ರೂಪಿಸಿದ ಇಂಟೆಲ್ ತಂಡದ ಪ್ರಮುಖರು ವಡೋದರಾದಲ್ಲಿ ಓದಿದ ನಮ್ಮವರೇ ಆದ ಅಜಯ್ ಭಟ್. ಪ್ರತಿಯೊಂದು ಯು.ಎಸ್.ಬಿ. ಸಾಧನದೊಳಗೆ ಎರಡು ಸಂಖ್ಯೆಗಳಿರುತ್ತವೆ, ಒಂದು ತಯಾರಕನದು, ಇನ್ನೊಂದು ಸಾಧನದ್ದು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹಾಲ್ ಟಿಕೆಟ್ ನೋಡಿ ಒಳಗೆ ಬಿಡುವಂತೆ ಕಂಪ್ಯೂಟರ್ ಆ ಸಂಖ್ಯೆಗಳನ್ನು ನೋಡಿ, ಆ ಸಾಧನದ ಭಾಷೆ ಬಲ್ಲ ದುಭಾಷಿಯನ್ನು ನೇಮಿಸುತ್ತದೆ. ಆ ದುಭಾಷಿಯೇ ಡ್ರೈವರ್. ಅಪ್‌ಡೇಟ್ ರಾತ್ರೋರಾತ್ರಿ ದುಭಾಷಿಯನ್ನು ಬದಲಿಸಿದರೆ ಎರಡೂ ಕಡೆಯವರು ಆರೋಗ್ಯವಾಗಿಯೇ ಇದ್ದರೂ ಮಾತು ನಿಂತುಹೋಗುತ್ತದೆ.

ಆಗ ಪರದೆಯ ಮೇಲೆ ಏನು ಬರುತ್ತದೆ? ವಿಂಡೋಸಿನ 'ಕೋಡ್ 43' ಎಂಬ ಸಂದೇಶವನ್ನು ಓದಿ ನೋಡಿ: ಸಾಧನವು ತನ್ನಲ್ಲಿ ತೊಂದರೆಯಿದೆಯೆಂದು ತಿಳಿಸಿದ್ದರಿಂದ ಅದನ್ನು ನಿಲ್ಲಿಸಲಾಗಿದೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಡ್ರೈವರ್ ಕೆಟ್ಟಾಗಲೂ ಅದೇ ವಾಕ್ಯ ಬರುತ್ತದೆ, ಆರೋಪಿ ಸಾಧನವೇ ಆಗುತ್ತದೆ. ನಿನ್ನೆ ರಾತ್ರಿ ನಾನು ಇಂಥದ್ದನ್ನು ಬದಲಿಸಿದೆ, ಅದರಿಂದ ಹೀಗಾಗಿರಬಹುದು ಎಂದು ಹೇಳುವ ಒಂದು ಸಾಲು ಅಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಆಪರೇಟರ್ ಅದನ್ನು ಓದಿ ಏನು ತಿಳಿಯಬೇಕು?

ಇದು ಒಂದು ಶೆಡ್ಡಿನ ದುರದೃಷ್ಟವೆಂದು ತಳ್ಳಿಹಾಕಬೇಡಿ. 2018ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹೊರಡಿಸಿದ ವಿಂಡೋಸ್ 10ರ ಅಪ್‌ಡೇಟಿನಿಂದ ಕೆಲವರ ಯು.ಎಸ್.ಬಿ. ಸಾಧನಗಳೂ ಲ್ಯಾಪ್‌ಟಾಪಿನ ಕ್ಯಾಮೆರಾ, ಕೀಬೋರ್ಡ್, ಮೌಸ್‌ಗಳೂ ನಿಂತವು. ಕಂಪನಿಯೇ ಒಪ್ಪಿಕೊಂಡು ಮಾರ್ಚ್ ಮೊದಲ ವಾರದಲ್ಲಿ ಪರಿಹಾರ ಕೊಟ್ಟಿತು. 2025ರ ಅಕ್ಟೋಬರ್ 14ರ ವಿಂಡೋಸ್ 11ರ ಅಪ್‌ಡೇಟ್ ಇನ್ನೂ ವಿಚಿತ್ರ. ಕೆಟ್ಟ ಕಂಪ್ಯೂಟರನ್ನು ಸರಿಪಡಿಸಲೆಂದೇ ಇರುವ ರಿಕವರಿ ಪರದೆಯಲ್ಲಿ ಯು.ಎಸ್.ಬಿ. ಕೀಬೋರ್ಡೂ ಮೌಸೂ ಕೆಲಸ ಮಾಡದಾದವು. ಬೆಂಕಿ ಆರಿಸುವ ಬಕೆಟ್ಟಿನ ತಳಕ್ಕೇ ತೂತು! ಆರು ದಿನಗಳ ನಂತರ, ಅಕ್ಟೋಬರ್ 20ರಂದು, ತುರ್ತು ತಿದ್ದುಪಡಿ ಬಂತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತದ್ದೂ ಅದೇ ಅಕ್ಟೋಬರ್ 14ರಂದು. ಹಳೆಯದರಲ್ಲಿ ಇರಬೇಡಿ, ಹೊಸದಕ್ಕೆ ಬನ್ನಿ ಎಂದು ಕರೆದ ದಿನವೇ ಹೊಸ ಮನೆಯ ಚಿಲಕ ಕೆಟ್ಟಿತ್ತು.

ಇವೆಲ್ಲ ಕೈತಪ್ಪು ಎನ್ನೋಣ. 2014ರ ಅಕ್ಟೋಬರಿನಲ್ಲಿ ನಡೆದದ್ದು ಕೈತಪ್ಪಲ್ಲ. ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿ ಇಂಥ ಕನ್ವರ್ಟರುಗಳೊಳಗಿನ ಚಿಪ್ ತಯಾರಿಸುತ್ತದೆ. ಅದರ ಚಿಪ್ಪಿನ ನಕಲುಗಳು ಮಾರುಕಟ್ಟೆಯಲ್ಲಿ ತುಂಬಿದ್ದವು. ವಿಂಡೋಸ್ ಅಪ್‌ಡೇಟ್ ಮೂಲಕ ಮನೆ ಮನೆಗೆ ಹೋದ ಅದರ ಹೊಸ ಡ್ರೈವರ್, ನಕಲಿ ಚಿಪ್ಪಿನೊಳಗಿನ ಸಾಧನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ಹಾಲ್ ಟಿಕೆಟ್ಟನ್ನೇ ಹರಿದಂತೆ. ಆಮೇಲೆ ಬೇರೆ ಕಂಪ್ಯೂಟರಿಗೆ ಚುಚ್ಚಿದರೂ ಗುರುತು ಸಿಗದು. ಗಲಾಟೆಯಾಗಿ ಆ ಡ್ರೈವರನ್ನು ಹಿಂತೆಗೆದರು. 2016ರಲ್ಲಿ ಮತ್ತೊಂದು ಬಗೆ: ನಕಲಿ ಚಿಪ್ ಕಂಡರೆ ಕಳುಹಿಸಿದ ಮಾಹಿತಿಯ ಬದಲು 'ಅಸಲಿಯಲ್ಲದ ಸಾಧನ ಸಿಕ್ಕಿದೆ' ಎಂಬ ಇಂಗ್ಲಿಷ್ ಅಕ್ಷರಗಳನ್ನು ವೈರಿನಲ್ಲಿ ಹರಿಯಬಿಡುವುದು. ತಿರುಗುತ್ತಿರುವ ಉಳಿಗೆ ಅಳತೆಗಳ ಬದಲು ಇಂಥ ವಾಕ್ಯ ಹೋಗುವುದನ್ನು ಊಹಿಸಿಕೊಳ್ಳಿ. ತೈವಾನಿನ ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರುಗಳಾದರೋ ತನ್ನದೇ ಹಳೆಯ ಅಸಲಿ ಚಿಪ್ಪುಗಳನ್ನೂ ಒಪ್ಪುವುದಿಲ್ಲ. 2012ರಲ್ಲೇ ಇದನ್ನು ನಿಲ್ಲಿಸಿದ್ದೇವೆ, ನಿಮ್ಮ ವ್ಯಾಪಾರಿಯನ್ನು ಕೇಳಿ ಎನ್ನುತ್ತವೆ. ನಕಲು ತಪ್ಪು, ಸಂಶಯವಿಲ್ಲ. ಆದರೆ ನಕಲು ಮಾಡಿದವನು ಎಲ್ಲೋ ಇದ್ದಾನೆ. ಪೆಟ್ಟು ಬೀಳುವುದು ಬಿಲ್ಲು ಕೊಟ್ಟು ಕೊಂಡವನಿಗೆ. ಪರೀಕ್ಷೆಯಲ್ಲಿ ನಕಲು ಹೊಡೆದವನನ್ನು ಬಿಟ್ಟು ಅವನ ಪಕ್ಕ ಕುಳಿತವನ ಉತ್ತರ ಪತ್ರಿಕೆ ಹರಿದರೆ ನೀವು ಸುಮ್ಮನಿರುತ್ತಿದ್ದಿರಾ?

ನಿಮ್ಮ ಉತ್ತರ ನನಗೆ ಗೊತ್ತು. ಅಪ್‌ಡೇಟ್ ಇಲ್ಲದಿದ್ದರೆ ಸುರಕ್ಷೆಯಿಲ್ಲ, ಮೇಷ್ಟ್ರೇ, ಎನ್ನುತ್ತೀರಿ. ಒಪ್ಪಿದೆ. 2017ರ ಮೇ ತಿಂಗಳ ವನ್ನಾಕ್ರೈ ಹಾವಳಿಗೆ ತಿದ್ದುಪಡಿ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು. ಅಪ್‌ಡೇಟ್ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಬಾಗಿಲಿಗೆ ಬೀಗ ಹಾಕುವುದು ಬೇರೆ, ಬೀಗ ಹಾಕುವ ನೆಪದಲ್ಲಿ ಒಳಗೆ ಬಂದು ಸ್ಟೂಲು ಬೆಂಚು ಬದಲಿಸಿ ಹೋಗುವುದು ಬೇರೆ. ಸುರಕ್ಷೆಯ ತಿದ್ದುಪಡಿಯನ್ನೂ ಸಾಧನದ ಡ್ರೈವರನ್ನೂ ಒಂದೇ ಚೀಲದಲ್ಲಿ ಏಕೆ ತುಂಬುತ್ತೀರಿ? ಕೋಟ್ಯಂತರ ಸಾಧನಗಳಿವೆ, ಎಲ್ಲವನ್ನೂ ಪರೀಕ್ಷಿಸಲು ಆಗದು ಎಂಬುದು ಎರಡನೆಯ ಉತ್ತರ. ಅದೂ ನಿಜವೇ. ಪರೀಕ್ಷಿಸಲು ಆಗದು ಎಂದಾದರೆ ಮಾಲೀಕನನ್ನು ಕೇಳದೆ ಹಾಕಲೂ ಬಾರದು. ಮನೆ ಬಳಕೆಯ ವಿಂಡೋಸ್ 10 ಇದ್ದವನಿಗೆ ಅಪ್‌ಡೇಟನ್ನು ಒಂದಷ್ಟು ದಿನ ತಡೆದಿಡುವ ಹಕ್ಕು ಸಿಕ್ಕಿದ್ದೇ 2019ರಲ್ಲಿ, ಅದೂ ಹೆಚ್ಚೆಂದರೆ 35 ದಿನ. ದೊಡ್ಡ ಆವೃತ್ತಿ ಬದಲಾದರೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ ಹತ್ತೇ ದಿನ. ಕೇಳುವ ಮೊದಲೇ ಬಂದವರು ಹೋಗುವುದಕ್ಕೆ ಗಡುವು ಹಾಕುತ್ತಾರೆ.

ಶೆಡ್ಡು ನಡೆಸುವ ಶಿಷ್ಯರಿಗೆ, ಎಸ್.ಪಿ. ರಸ್ತೆಗೆ ಓಡುವ ಮುನ್ನ, ಹುಡುಗರನ್ನು ಬೈಯುವ ಮುನ್ನವಂತೂ ಖಂಡಿತ, ಇಷ್ಟು ಮಾಡಿ ನೋಡಿ. 'ಶಟ್ ಡೌನ್' ಕೊಟ್ಟು ಮತ್ತೆ ಹಚ್ಚಿದರೆ ಸಾಲದು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ಅದು ಪೂರ್ತಿ ಮಲಗಿ ಏಳುವುದಿಲ್ಲ, 'ರೀಸ್ಟಾರ್ಟ್' ಕೊಡಬೇಕು. ಹಬ್ ಬಿಟ್ಟು ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೇ ನೇರವಾಗಿ ಚುಚ್ಚಿ. ಸಾಧನವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ಅಲ್ಲಿ ನಡೆದರೆ ಸಾಧನ ನಿರ್ದೋಷಿ. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಎಲ್ಲಿದೆ ನೋಡಿ, ಪ್ರಾಪರ್ಟೀಸ್ ಒಳಗೆ ಡ್ರೈವರ್ ಎಂಬಲ್ಲಿ 'ರೋಲ್ ಬ್ಯಾಕ್' ಇದ್ದರೆ ಒತ್ತಿ. ಇಲ್ಲದಿದ್ದರೆ ಆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ, ತಯಾರಕರ ತಾಣದಿಂದ ಸರಿಯಾದ ಡ್ರೈವರ್ ತಂದು ಹಾಕಿ. ಹಳದಿ ಗುರುತಿಲ್ಲದೆಯೂ ಪ್ರೋಗ್ರಾಂ ಹೋಗದಿದ್ದರೆ ಕಾಮ್ ಪೋರ್ಟಿನ ಸಂಖ್ಯೆ ನೋಡಿ. ಮೂರು ಇದ್ದದ್ದು ಐದಾಗಿರುತ್ತದೆ, ನಿಮ್ಮ ತಂತ್ರಾಂಶ ಇನ್ನೂ ಮೂರರ ಬಾಗಿಲನ್ನೇ ತಟ್ಟುತ್ತಿರುತ್ತದೆ. ಸ್ವಲ್ಪ ಹೊತ್ತು ನಡೆದು ಆಮೇಲೆ ನಿಂತರೆ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಗುರುತನ್ನು ಪವರ್ ಮ್ಯಾನೇಜ್‌ಮೆಂಟಿನಲ್ಲಿ ತೆಗೆದುಹಾಕಿ. ಯಾವುದಕ್ಕೂ ಬಗ್ಗದಿದ್ದರೆ ಅಪ್‌ಡೇಟ್ ಚರಿತ್ರೆಯಿಂದ ಇತ್ತೀಚಿನದನ್ನು ತೆಗೆಯಬಹುದು, ಆದರೆ ತಿದ್ದುಪಡಿ ಬಂದ ಕೂಡಲೇ ಮತ್ತೆ ಹಾಕಿಕೊಳ್ಳತಕ್ಕದ್ದು. ನಡೆಯುತ್ತಿರುವ ಡ್ರೈವರಿನ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿಟ್ಟು ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿ, ಚಿಂತೆಯಿಲ್ಲ.

ಹುಡುಗನ ವಿಷಯ. ಶಿಷ್ಯ ಅವನಿಗೆ ಫೋನ್ ಮಾಡಿ ಒಂಬೈನೂರನ್ನು ಹಿಂದಿರುಗಿಸುತ್ತೇನೆ, ಬಾ ಎಂದ. ಅವನು ಅಷ್ಟರಲ್ಲಿ ಬೇರೆ ಶೆಡ್ಡು ಸೇರಿದ್ದ. ಹಣ ಬೇಡ ಎನ್ನಲಿಲ್ಲ, ತೆಗೆದುಕೊಂಡ. ಆದರೆ, ನಾ ಒರೆಸಿದ್ದಕ್ಕ ಕೆಟ್ಟಿಲ್ಲ ಅಂತ ಆ ರಿಪೇರಿಯವರ ಮುಂದೂ ಹೇಳ್ರಿ ಸರ್, ಎಂದು ಕೇಳಿಕೊಂಡನಂತೆ. ಶಿಷ್ಯ ಹೇಳಿದ್ದಾನೆ. ರಿಪೇರಿಯವನು ನಂಬಿಲ್ಲ.

ವೈಟ್‌ಫೀಲ್ಡಿನವರೇ, 2023ರಿಂದ ನಿಮ್ಮ ಮನೆಯ ಬಳಿಯಿಂದ ಮೆಜೆಸ್ಟಿಕ್‌ವರೆಗೆ ನೇರಳೆ ಮಾರ್ಗವಿದೆ. ಅಲ್ಲಿ ಹಸಿರು ಮಾರ್ಗ ಹಿಡಿದರೆ ಪೀಣ್ಯ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗ ಬಂದಿದೆ, ಆರ್.ವಿ. ರಸ್ತೆಯಲ್ಲಿ ಒಮ್ಮೆ ಬದಲಿಸಿದರಾಯಿತು. ಒಂದು ದಿನ ರಜೆ ಹಾಕಿ ಬನ್ನಿ, ಆ ಮೊಳದುದ್ದದ ವೈರನ್ನು ತೋರಿಸುತ್ತೇನೆ. ಭಾನುವಾರ ಬೇಡ, ಶೆಡ್ಡು ಮುಚ್ಚಿರುತ್ತದೆ.