ಆಟದ ಮಣೆಯೂ ಕೇಳುವ ಕಿವಿಯೂ

ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿಯಾಟ ಮೊದಲಾದ ಕುಳಿತಾಡುವ ಆಟಗಳು ಕಣ್ಣಿಗೆ ಸೇರಿದವು. ಹಾಸು ಕಾಣಬೇಕು, ಕಾಯಿ ಕಾಣಬೇಕು, ಎದುರಾಳಿಯ ಮೋರೆಯೂ ಕಾಣಬೇಕು. ಅಂಥ ಆಟಗಳನ್ನು ಕುರಿತು ಕಿವಿಯಿಂದ ಮಾತ್ರ ಕೇಳತಕ್ಕ ಕಾರ್ಯಕ್ರಮವೊಂದನ್ನು ಯೋಜಿಸುವುದು ಮೇಲುನೋಟಕ್ಕೆ ವಿಚಿತ್ರವೆನಿಸೀತು. ಆದರೂ ಲೋಕದ ನಾನಾ ಕಡೆಗಳಲ್ಲಿ ಆಟಗಾರರ ಬಳಗಗಳು ಇಂದು ಮಾಡುತ್ತಿರುವುದು ಇದನ್ನೇ. ಅದಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಐಪಾಡ್ ಎಂಬ ಕಿರುಯಂತ್ರದ ಹೆಸರನ್ನೂ ಬ್ರಾಡ್‌ಕಾಸ್ಟ್ ಎಂಬ ಪದವನ್ನೂ ಬೆಸೆದು 2004ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಟಂಕಿಸಿದ ಮಾತು ಅದು. ‘ಬಾನುಲಿ’ಯಷ್ಟು ಚೆಲುವಾದ ಕನ್ನಡ ಪದವೊಂದು ಹುಟ್ಟಿ ನಿಲ್ಲುವವರೆಗೆ ಅದೇ ಇರಲಿ. ಬಾನುಲಿಗೆ ನಿಯತವಾದ ವೇಳೆಯುಂಟು, ಇದಕ್ಕಿಲ್ಲ. ಕೇಳುವವನು ತನಗೆ ಬೇಕಾದಾಗ ಕೈಯ ಫೋನಿನಲ್ಲಿ ಕೇಳುತ್ತಾನೆ, ಬೇಸರ ಬಂದ ಕ್ಷಣಕ್ಕೆ ನಿಲ್ಲಿಸುತ್ತಾನೆ. ಆದುದರಿಂದ ರಂಜನೆಯೆಂಬುದು ಇಲ್ಲಿ ಊಟದ ಉಪ್ಪಿನಕಾಯಿಯಲ್ಲ, ಅನ್ನವೇ ಆಗಿದೆ.

ಹುಬ್ಬಳ್ಳಿಯ ಅಂಚಿನಲ್ಲಿರುವ ಗಬ್ಬೂರ, ನರೇಂದ್ರದವರೆಗಿನ ಬೈಪಾಸ್ ರಸ್ತೆಯಿಂದಾಗಿ ದೂರದ ಲಾರಿ ಚಾಲಕರಿಗೂ ಪರಿಚಿತವಾದ ಊರು. ಇಂಥ ಊರಿನ ತರುಣರ ಬಳಗವೊಂದು ಶಿಕ್ಷಕರ ನೆರವಿನಿಂದ ಆಟಗಳ ಪಾಡ್‌ಕಾಸ್ಟೊಂದನ್ನು ಹೂಡುವುದಾದರೆ ಮಾದರಿಯನ್ನು ಎಲ್ಲಿಂದ ಪಡೆಯಬೇಕು? ಅವರ ದೃಷ್ಟಿ ಅಮೆರಿಕದತ್ತ ಹರಿಯುವುದು ಸಹಜ. 1974ರಲ್ಲಿ ಅಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಬಾಯಿಮಾತಿನಲ್ಲಿ ಕಥೆ ಕಟ್ಟುತ್ತ ಹೋಗುವ ಆಟ. ‘ಕ್ರಿಟಿಕಲ್ ರೋಲ್’ ಎಂಬ ತಂಡದ ಕಲಾವಿದರು 2015ರಿಂದ ಇಂಥ ಆಟವನ್ನು ಗಂಟೆಗಟ್ಟಲೆ ಆಡುತ್ತ ಅಸಂಖ್ಯ ಜನರನ್ನು ಹಿಡಿದು ಕೂರಿಸಿದ್ದಾರೆ. ಇದನ್ನು ಅರಿಯುವುದು ಒಳಿತೇ. ಆದರೆ ಮಾದರಿಗಾಗಿ ಸಮುದ್ರ ದಾಟುವ ಕಾರಣವಿಲ್ಲ. ಕೋಳಿವಾಡವೂ ಅಣ್ಣಿಗೇರಿಯೂ ಗಬ್ಬೂರಿಗೆ ಇನ್ನೂ ಹತ್ತಿರ.

ಕೋಳಿವಾಡ ಕುಮಾರವ್ಯಾಸನ ಊರೆಂದು ಪ್ರಸಿದ್ಧ. ಅವನ ಭಾರತದ ಸಭಾಪರ್ವದಲ್ಲಿ ದ್ಯೂತಪ್ರಸಂಗ ಬರುತ್ತದೆ. ಗಮಕಿಯು ಅದನ್ನು ಹಾಡುವಾಗ ಸಭೆಯಲ್ಲಿ ಹಾಸಿಲ್ಲ, ದಾಳವಿಲ್ಲ, ಶಕುನಿಯೂ ಇಲ್ಲ. ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಇಷ್ಟರಿಂದಲೇ ಅಕ್ಷರ ಬಾರದ ಒಕ್ಕಲಿಗನ ಕಣ್ಣ ಮುಂದೆಯೂ ಜೂಜಿನ ನೆಲೆ ತೆರೆದುಕೊಳ್ಳುತ್ತದೆ. ಯಾವ ದಾಳ ಎಷ್ಟು ಬಿದ್ದಿತೆಂಬುದನ್ನು ಯಾವ ಶ್ರೋತೃವೂ ಮನೆಗೆ ಒಯ್ಯುವುದಿಲ್ಲ. ಧರ್ಮಜನು ಮುಂದೆ ಏನನ್ನು ಒಡ್ಡುವನೋ ಎಂಬ ಉಸಿರುಗಟ್ಟಿದ ಕಾತರವನ್ನು ಒಯ್ಯುತ್ತಾನೆ. ಅಣ್ಣಿಗೇರಿಯ ನಂಟುಳ್ಳ ಪಂಪನ ಕಾವ್ಯದಲ್ಲಿಯೂ ಹೀಗೆಯೇ. ಕ್ರಿ.ಶ. 941ರ ಸುಮಾರಿನ ಆ ಕೃತಿಯಲ್ಲಿ ಭಾನುಮತಿಯೂ ಕರ್ಣನೂ ನೆತ್ತವಾಡುತ್ತಾರೆ. ಸೋತವಳಿಂದ ಪಣವನ್ನು ಕೇಳುವ ಹುಡುಗಾಟದಲ್ಲಿ ಹಾರ ಹರಿದು ಮುತ್ತು ಚೆಲ್ಲುತ್ತದೆ. ಅದನ್ನು ಕಂಡ ದುರ್ಯೋಧನನು ಸಂಶಯಪಡದೆ, ಇವನ್ನು ಆಯ್ದುಕೊಡಲೇ ಎಂದು ಕೇಳುತ್ತಾನೆ. ಸಾವಿರ ವರ್ಷಗಳಿಂದ ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವುದು ಆ ಆಟದ ಲೆಕ್ಕವಲ್ಲ, ಚೆಲ್ಲಿದ ಮುತ್ತು ಮತ್ತು ಕೆಡದ ಸ್ನೇಹ.

ಯೋಜಕರು ಮೊದಲು ಮನಗಾಣಬೇಕಾದುದು ಇದನ್ನೇ. ನಡೆ ನಡೆಯನ್ನೂ ಎಣಿಸಿ ಹೇಳುವ ಕಾರ್ಯಕ್ರಮ ಪಂಚಾಂಗಶ್ರವಣವಾಗುತ್ತದೆ. ಗಮಕಿ-ವ್ಯಾಖ್ಯಾನಕಾರರ ಜೋಡಿಯಂತೆ ಇಲ್ಲಿ ಆಡುವವರಿಬ್ಬರು, ಬಿಡಿಸಿ ಹೇಳುವವನೊಬ್ಬ, ಹೀಗೆ ಮೂರು ಕಂಠ ಸಾಕು. ಮೂರನೆಯವನು ಆಟವನ್ನು ಚೆನ್ನಾಗಿ ಬಲ್ಲವನಾಗಿರದಿದ್ದರೆ ಇನ್ನೂ ಒಳ್ಳೆಯದು. ಕೇಳುಗನ ಬಾಯಲ್ಲಿರುವ ಪ್ರಶ್ನೆಯನ್ನು ಅವನೇ ಕೇಳಿಬಿಡುತ್ತಾನೆ. ಆಟದ ಮೊದಲಲ್ಲಿ ಹಾಸಿನ ವರ್ಣನೆ ಬರಲಿ, ಆದರೆ ಸೀಮೆಸುಣ್ಣ ಹಿಡಿದವನು ಕೇಳುತ್ತಲೇ ಬರೆದುಕೊಳ್ಳುವಂತಿರಲಿ. ಚೌಕಾಬಾರಕ್ಕೆ ಐದೈದರ ಇಪ್ಪತ್ತೈದು ಮನೆ: ಹೊರಸುತ್ತಿಗೆ ಹದಿನಾರು, ಒಳಸುತ್ತಿಗೆ ಎಂಟು, ನಡುವೆ ಒಂದು. ನಾಲ್ಕು ಬದಿಗಳ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು. ಅಲ್ಲಿ ನಿಂತ ಕಾಯಿಯನ್ನು ಕಡಿಯುವಂತಿಲ್ಲ. ಕವಡೆ ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಅನಂತರ ಇಡೀ ಆಟವನ್ನು ಕೇಳಿಸುವ ಹಟ ಬೇಡ. ನಾಲ್ಕು ಜನ ನಾಲ್ಕು ನಾಲ್ಕು ಕಾಯಿ ನಡೆಸುವ ಆಟ ಮಧ್ಯಾಹ್ನವನ್ನೇ ನುಂಗೀತು. ಒಳಮನೆಯ ಹೊಸ್ತಿಲಲ್ಲಿ ನಿಂತ ಕಾಯಿ ಕಡಿದುಹೋಗಿ ಮತ್ತೆ ಮೊದಲಿನಿಂದ ಹೊರಡಬೇಕಾದ ಆ ಕಡೆಯ ಕಾಲು ಗಂಟೆಯೇ ಕಥೆ.

ಭಾಷೆಯ ವಿಷಯದಲ್ಲಿ ಒಂದು ಮಾತು ಪಂಡಿತರಿಗೆ ರುಚಿಸದೆ ಇರಬಹುದು. ಇಂಥ ಕಾರ್ಯಕ್ರಮದಲ್ಲಿ ಗ್ರಂಥಸ್ಥ ಕನ್ನಡ ಸಲ್ಲದು. ಆಟದ ನಡುವೆ ಆಯಿಯೊಬ್ಬಳು “ಕವಡಿ ಓರಿ ಬಿದ್ದಾವ, ಇನ್ನೊಮ್ಮೆ ಬಿಡು” ಎಂದು ಗದರಿದರೆ, “ದಯವಿಟ್ಟು ಪುನಃ ಎಸೆಯಿರಿ” ಎಂದು ಅವಳಿಂದ ಹೇಳಿಸುವವನು ಆಟವನ್ನೂ ಕೊಂದ, ಕನ್ನಡವನ್ನೂ ಕೊಂದ. ಗರ, ಹಾಸು, ಕಾಯಿ, ಕಡಿ, ಹಣ್ಣು ಎಂಬ ಮಾತುಗಳು ಆಟದ ಕಾವಿನಲ್ಲಿ ಪಡೆಯುವ ಧ್ವನಿವಿಶೇಷವನ್ನು ನಿಘಂಟು ಹಿಡಿದಿಡಲಾರದು, ಧ್ವನಿಮುದ್ರಣ ಹಿಡಿದಿಡಬಲ್ಲದು. ಆ ಮಾತುಗಳನ್ನು ನಾಲಗೆಯ ಮೇಲೆ ಇರಿಸಿಕೊಂಡಿರುವವರು ಎಂಬತ್ತರ ಆಚೀಚಿನ ಆಯಿ-ಮುತ್ಯಾಗಳು. ವಿಳಂಬಿಸಿದ ಪ್ರತಿಯೊಂದು ವರ್ಷವೂ ಒಂದೊಂದು ಮನೆಯ ಆಟವನ್ನು ಅಳಿಸಿಕೊಂಡು ಹೋಗುತ್ತದೆ. ಅವರ ಅನುಮತಿ ಪಡೆದೇ ಮುದ್ರಿಸಬೇಕೆಂಬುದನ್ನೂ, ಜಗಳದ ಭರದಲ್ಲಿ ಬಂದ ಮನೆಮಾತನ್ನು ಅವರು ಬೇಡವೆಂದರೆ ತೆಗೆಯಬೇಕೆಂಬುದನ್ನೂ ಹುಡುಗರಿಗೆ ಮೊದಲೇ ತಿಳಿಹೇಳಬೇಕು.

ಮನೆಯಿಂದ ಮನೆಗೆ ನಿಯಮ ಬೇರೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಕೂಡದೆಂಬ ಕಟ್ಟು ಕೆಲವೆಡೆಯುಂಟು, ಕೆಲವೆಡೆ ಇಲ್ಲ. ಇಲ್ಲಿಯ ಅಳಗುಳಿಮಣೆ ತುಳುನಾಡಿನಲ್ಲಿ ಚೆನ್ನೆಮಣೆಯಾಗಿ, ಆಟಿ ತಿಂಗಳ ಮಳೆಯ ಬಿಡುವಿಗೆ ಅಂಟಿಕೊಂಡಿದೆ. ಯಾವುದು ಶುದ್ಧವೆಂದು ತೀರ್ಪು ಕೊಡಲು ಹೊರಟ ಕಾರ್ಯಕ್ರಮ ಎರಡನೆಯ ಕಂತಿಗೇ ಸೊರಗುತ್ತದೆ. ಆ ವ್ಯಾಜ್ಯವೇ ರಂಜನೆಯ ಬುಗ್ಗೆ. ಅದನ್ನು ಇತ್ಯರ್ಥಪಡಿಸದೆ ಹಾಗೆಯೇ ಬಿಡುವುದು ಜಾಣತನ. ಶಾಸ್ತ್ರಾಧಾರ ಬೇಕೆನ್ನುವವರಿಗೆ ಮೈಸೂರು ಇದ್ದೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹಲವು ಆಟಗಳನ್ನು ರಚಿಸಿದವರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವುಗಳ ಚಿತ್ರಗಳಿವೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಹಳೆಯ ಹಾಸುಗಳನ್ನು ಮತ್ತೆ ಜನರ ಕೈಗೆ ತಂದಿದೆ.

ಇಂಥದಕ್ಕೆ ವಿದ್ಯಾಸಂಸ್ಥೆಯವರು ಕೈಹಾಕಿದರೆ ಜೂಜಿಗೆ ಕುಮ್ಮಕ್ಕು ಕೊಟ್ಟಂತಾಗದೆ ಎಂದು ಕೆಲವು ಹಿರಿಯರು ಶಂಕಿಸುವರು. ಶಂಕೆ ನಿರಾಧಾರವಲ್ಲ; ಧರ್ಮಜನ ಕಥೆಯೇ ಎದುರಿಗಿದೆ. ಹಣವೊಡ್ಡುವ ಆಟವನ್ನು ಕಾರ್ಯಕ್ರಮದಿಂದ ದೂರವಿಟ್ಟರೆ ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ಅದಕ್ಕಿಂತ ಹೆಚ್ಚಿನ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಆಟದಿಂದ ಬುದ್ಧಿ ಬೆಳೆಯುತ್ತದೆ, ಗಣಿತ ಕುದುರುತ್ತದೆ, ಏಕಾಗ್ರತೆ ಉಂಟಾಗುತ್ತದೆ ಎಂಬ ಉಪನ್ಯಾಸವನ್ನು ಪ್ರತಿ ಕಂತಿನ ತುದಿಗೆ ಕಟ್ಟುವ ಚಪಲ ಶಿಕ್ಷಕವರ್ಗಕ್ಕೆ ಸಹಜವಾದುದು. ಮಕ್ಕಳು ಅದನ್ನು ಕೇಳುವ ಮೊದಲೇ ಫೋನಿನ ಗುಂಡಿ ಒತ್ತಿರುತ್ತಾರೆ.

ವೆಚ್ಚ ಅಲ್ಪ. ದಾನಿಗಳು ಕಟ್ಟಡಕ್ಕೆ ಕೊಡುವುದರ ಒಂದು ಇಟ್ಟಂಗಿಯ ಪಾಲೂ ಇದಕ್ಕೆ ಬೇಕಾಗದು. ಒಂದೆರಡು ಒಳ್ಳೆಯ ಮೈಕು, ಪಂಖ ನಿಲ್ಲಿಸಿದ ಒಂದು ಕೋಣೆ, ದಪ್ಪನೆಯ ಕೌದಿ ಸಾಕು. ಕೌದಿಯ ಉಪಯೋಗ ಪ್ರತಿಧ್ವನಿಯನ್ನು ತಗ್ಗಿಸುವುದಕ್ಕೆ. ಕವಡೆಯನ್ನು ಮಾತ್ರ ಅದರ ಮೇಲೆ ಚೆಲ್ಲಬಾರದು, ಬರಿಯ ಕಲ್ಲಿನ ನೆಲದ ಮೇಲೆ ಚೆಲ್ಲಬೇಕು. ಆ ಸದ್ದಿಗೆ ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ನೆಲೆಸಿದ ಹಳೆಯ ವಿದ್ಯಾರ್ಥಿಯೊಬ್ಬನು ಕಿವಿ ನಿಮಿರಿಸಿ, ತನ್ನ ಮನೆಯಲ್ಲಿ ಆಡುತ್ತಿದ್ದ ನಿಯಮ ಇದಲ್ಲವೆಂದು ತಕರಾರು ಬರೆದು ಕಳಿಸಿದರೆ, ಮುಂದಿನ ಕಂತಿಗೆ ವಸ್ತು ದೊರೆತಂತಾಯಿತು.