ದಣಿಯದ ಎದುರಾಳಿಯನ್ನು ಪಳಗಿಸುವ ಬಗೆ

ಟೇಬಲ್ ಟೆನಿಸ್ ಆಡಲು ಇಬ್ಬರು ಬೇಕು. ಪರೀಕ್ಷೆ, ಮನೆಪಾಠ, ಮಳೆ ಇವುಗಳ ನಡುವೆ ಜೊತೆಗಾರ ಸಿಗುವುದೇ ಕಷ್ಟ. ಈ ಕೊರತೆಯನ್ನು ತುಂಬಲು ಬಂದದ್ದು ಚೆಂಡೆಸೆಯುವ ಯಂತ್ರ, ಅಂದರೆ ಟಿ.ಟಿ. ರೋಬೊ. ಅದಕ್ಕೆ ದಣಿವಿಲ್ಲ, ಬೇಸರವಿಲ್ಲ. ಆದರೆ ಅದನ್ನು ಸರಿಯಾಗಿ ಹೊಂದಿಸದಿದ್ದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಲಿಸುತ್ತದೆ! ನಿಮಿಷಕ್ಕೆ 30 ಚೆಂಡು ಎಂದರೆ ಅರ್ಧ ಗಂಟೆಗೆ 900 ಹೊಡೆತ. ಹೀಗೆ ರೂಢಿಯಾದ ತಪ್ಪನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಒಳಗೆ ಏನಿದೆ?

ಯಂತ್ರದ ಕೆಲಸ ಸರಳ. ಮೋಟಾರಿನಿಂದ ತಿರುಗುವ ರಬ್ಬರ್ ಚಕ್ರವೊಂದು ಚೆಂಡನ್ನು ಉಜ್ಜಿ ಮುಂದಕ್ಕೆ ತಳ್ಳುತ್ತದೆ. ಅಮೆರಿಕದ ನ್ಯೂಗಿ ಕಂಪೆನಿಯ ‘ರೋಬೊ-ಪಾಂಗ್ 2040’ ಇಂಥ ಒಂಟಿ ಚಕ್ರದ ಯಂತ್ರ. ಚಕ್ರ ಚೆಂಡಿನ ಮೇಲ್ಭಾಗವನ್ನು ಉಜ್ಜಿದರೆ ಚೆಂಡು ಮುಂದಕ್ಕೆ ಉರುಳುವಂತೆ ಸುತ್ತುತ್ತದೆ. ಇದೇ ಟಾಪ್ ಸ್ಪಿನ್. ಯಂತ್ರದ ತಲೆಯನ್ನು ಅರ್ಧ ಸುತ್ತು ತಿರುಗಿಸಿದರೆ ಚಕ್ರ ಚೆಂಡಿನ ಕೆಳಗೆ ಬರುತ್ತದೆ. ಆಗ ಸಿಗುವುದು ಬ್ಯಾಕ್ ಸ್ಪಿನ್. ಕಾಲು ಸುತ್ತು ತಿರುಗಿಸಿದರೆ ಸೈಡ್ ಸ್ಪಿನ್. ಒಂಟಿ ಚಕ್ರದ ಯಂತ್ರದಲ್ಲಿ ವೇಗ ಹೆಚ್ಚಿಸಿದರೆ ಸ್ಪಿನ್ ಕೂಡ ಹೆಚ್ಚುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲಾಗದು.

ಎರಡು ಚಕ್ರಗಳ ಯಂತ್ರದಲ್ಲಿ ಈ ತೊಡಕಿಲ್ಲ. ಮೇಲಿನ ಚಕ್ರದ ಅಂಚು ಸೆಕೆಂಡಿಗೆ 8 ಮೀಟರ್, ಕೆಳಗಿನದು 4 ಮೀಟರ್ ವೇಗದಲ್ಲಿ ಚಲಿಸುತ್ತಿದೆ ಎನ್ನೋಣ. ಚೆಂಡು ಜಾರದಿದ್ದರೆ ಅದು ಸರಾಸರಿ ವೇಗದಲ್ಲಿ, ಎಂದರೆ 6 ಮೀಟರ್ ವೇಗದಲ್ಲಿ ಹೊರಬರುತ್ತದೆ. ಮೇಲ್ಮೈ ಕೇಂದ್ರಕ್ಕಿಂತ 2 ಮೀಟರ್ ಹೆಚ್ಚು ವೇಗದಲ್ಲಿರುತ್ತದೆ. 40 ಮಿ.ಮೀ. ಚೆಂಡಿನ ಸುತ್ತಳತೆ ಸುಮಾರು 12.6 ಸೆಂ.ಮೀ. ಹಾಗಾಗಿ ಚೆಂಡು ಸೆಕೆಂಡಿಗೆ ಸುಮಾರು 16 ಸುತ್ತು ಸುತ್ತುತ್ತದೆ. ಎರಡೂ ಚಕ್ರಗಳು ಸಮವೇಗದಲ್ಲಿದ್ದರೆ ಸ್ಪಿನ್ ಇಲ್ಲ. ಹೈಸ್ಕೂಲಿನ ಗಣಿತ ಸಾಕು!

ಮೊದಲು ಮೇಜು, ಆಮೇಲೆ ಯಂತ್ರ

ಮೇಜಿನ ಉದ್ದ 2.74 ಮೀಟರ್, ಅಗಲ 1.525 ಮೀಟರ್, ಎತ್ತರ 76 ಸೆಂ.ಮೀ. ನಡುವಿನ ಬಲೆ 15.25 ಸೆಂ.ಮೀ. ಎತ್ತರವಿರಬೇಕು. ಗಾರೆ ಕೆಲಸದವರ ರಸಮಟ್ಟವಿಟ್ಟು ಮೇಜು ಸಮತಟ್ಟಾಗಿದೆಯೇ ಎಂದು ನೋಡಬೇಕು. 30 ಸೆಂ.ಮೀ. ಎತ್ತರದಿಂದ ಚೆಂಡನ್ನು ಬಿಟ್ಟಾಗ ಅದು ಸುಮಾರು 23 ಸೆಂ.ಮೀ. ಪುಟಿದರೆ ಮೇಜು ಚೆನ್ನಾಗಿದೆ ಎಂದರ್ಥ.

ಇನ್ನು ಚೆಂಡುಗಳು. 2000ದ ಅಕ್ಟೋಬರಿನವರೆಗೆ ಸ್ಪರ್ಧೆಗಳಲ್ಲಿ 38 ಮಿ.ಮೀ. ಚೆಂಡು ಬಳಕೆಯಲ್ಲಿತ್ತು, ಅನಂತರ 40 ಮಿ.ಮೀ. ಬಂತು. ಅಟ್ಟದ ಮೇಲಿನ ಹಳೆಯ ಚೆಂಡುಗಳನ್ನು ಹೊಸದರ ಜೊತೆ ಬೆರೆಸಬಾರದು. ಚಿಕ್ಕ ಚೆಂಡಿಗೆ ಚಕ್ರದ ಹಿಡಿತ ಸಿಗದೆ ಜಾರುತ್ತದೆ. ಬಿರುಕು ಬಿಟ್ಟ ಚೆಂಡು ಒಳಗೇ ಸಿಕ್ಕಿಕೊಳ್ಳುತ್ತದೆ. ಹೊಸ ಚೆಂಡಿನ ಮೇಲೆ ಪುಡಿಯಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಸಿಕ್ಕಿಕೊಂಡ ಚೆಂಡನ್ನು ತೆಗೆಯುವ ಮೊದಲು ಪ್ಲಗ್ ಕೀಳುವುದು ಕಡ್ಡಾಯ. ಉದ್ದ ಜಡೆಯವರು ಅದನ್ನು ಎತ್ತಿ ಕಟ್ಟಿಕೊಂಡೇ ಯಂತ್ರದ ಬಳಿ ಬಾಗಬೇಕು.

ಹತ್ತು ಚೆಂಡಿನ ಪರೀಕ್ಷೆ

ಯಂತ್ರವನ್ನು ಮೇಜಿನ ತುದಿಯ ಮಧ್ಯದಲ್ಲಿ ನಿಲ್ಲಿಸಿ, ತಲೆ ಅತ್ತಿತ್ತ ಓಲಾಡುವುದನ್ನು ನಿಲ್ಲಿಸಿ, ವೇಗವನ್ನು ಕಡಿಮೆ ಇಡಬೇಕು. ಆಟಗಾರನ ಕಡೆ ಮೇಜಿನ ಮೇಲೆ ಒಂದು ಪತ್ರಿಕೆಯ ಹಾಳೆ ಹರಡಿ ಹತ್ತು ಚೆಂಡು ಬಿಡಬೇಕು. ಬಿದ್ದ ಜಾಗವನ್ನೆಲ್ಲ ಪೆನ್ನಿನಿಂದ ಗುರುತಿಸಬೇಕು.

ಗುರುತುಗಳೆಲ್ಲ ಒಂದೆಡೆ ಗುಂಪಾಗಿದ್ದು, ಬೇಕಾದ ಜಾಗದಿಂದ ದೂರವಿವೆಯೆ? ಯಂತ್ರಕ್ಕೇನೂ ಆಗಿಲ್ಲ, ತಲೆಯ ಕೋನ ಬದಲಿಸಿದರೆ ಸಾಕು. ಗುರುತುಗಳು ಚೆಲ್ಲಾಪಿಲ್ಲಿಯಾಗಿವೆಯೆ? ಆಗ ಕೋನ ತಿರುಗಿಸಿ ಪ್ರಯೋಜನವಿಲ್ಲ. ಚಕ್ರದ ಮೇಲಿನ ಧೂಳು, ಸವೆದ ರಬ್ಬರು, ಬೆರಕೆ ಚೆಂಡು ಇವುಗಳಲ್ಲಿ ಒಂದು ಕಾರಣವಿರುತ್ತದೆ. ವೋಲ್ಟೇಜ್ ಏರಿಳಿತವನ್ನೂ ಮರೆಯಬಾರದು. ಪ್ರಯೋಗಶಾಲೆಯ ನಿಯಮ ಇಲ್ಲೂ ಅನ್ವಯಿಸುತ್ತದೆ: ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಮೂರು ಗುಂಡಿಗಳನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಟಾಪ್ ಸ್ಪಿನ್‌ನಿಂದ ಬ್ಯಾಕ್ ಸ್ಪಿನ್‌ಗೆ ಬದಲಿಸಿದೊಡನೆ ಚೆಂಡು ತೇಲಿ ಮೇಜಿನಾಚೆ ಹೋಗುವುದುಂಟು. ಇದು ಯಂತ್ರದ ದೋಷವಲ್ಲ. ಸುತ್ತುವ ಚೆಂಡು ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳಿ ತಾನು ಎದುರು ಪಕ್ಕಕ್ಕೆ ವಾಲುತ್ತದೆ. 19ನೆಯ ಶತಮಾನದಲ್ಲಿ ಇದನ್ನು ಪರಿಶೀಲಿಸಿದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್‌ನ ಹೆಸರಿನಲ್ಲೇ ಇದು ‘ಮ್ಯಾಗ್ನಸ್ ಪರಿಣಾಮ’ ಎನಿಸಿದೆ. ಟಾಪ್ ಸ್ಪಿನ್ ಚೆಂಡನ್ನು ಕೆಳಕ್ಕೆ ಒತ್ತುತ್ತದೆ, ಬ್ಯಾಕ್ ಸ್ಪಿನ್ ಮೇಲಕ್ಕೆತ್ತುತ್ತದೆ. ಆದ್ದರಿಂದ ಬ್ಯಾಕ್ ಸ್ಪಿನ್‌ಗೆ ತಲೆಯನ್ನು ತಗ್ಗಿಸಬೇಕು.

ವೇಗ ಬೇರೆ, ಸರದಿ ಬೇರೆ

ಚೆಂಡು ಎಷ್ಟು ವೇಗವಾಗಿ ಬರುತ್ತದೆ, ಎಷ್ಟು ಹೊತ್ತಿಗೊಂದು ಬರುತ್ತದೆ ಎಂಬ ಎರಡು ಸಂಗತಿಗಳನ್ನು ಅನೇಕರು ಒಂದೇ ಎಂದುಕೊಳ್ಳುತ್ತಾರೆ. ಇವಕ್ಕೆ ಬೇರೆ ಬೇರೆ ಗುಂಡಿಗಳಿವೆ. ಕಲಿಯುವ ಮಗುವಿಗೆ ಎರಡು ಸೆಕೆಂಡಿಗೊಂದು ಚೆಂಡು ಸಾಕು. ಹೊಡೆದ ಬ್ಯಾಟು ಮತ್ತೆ ಮೊದಲಿನ ನಿಲುವಿಗೆ ಬಂದಮೇಲೆ ಮುಂದಿನ ಚೆಂಡು ಹೊರಡಬೇಕು. ಮಗು ಅರ್ಧ ಹೊಡೆತಕ್ಕೇ ಕೈ ಹಿಂತೆಗೆದುಕೊಳ್ಳುತ್ತಿದ್ದರೆ ಗದರಬೇಕಾಗಿಲ್ಲ, ಸರದಿಯ ಗುಂಡಿಯನ್ನು ಸ್ವಲ್ಪ ಇಳಿಸಿದರೆ ಸಾಕು. ಹತ್ತಕ್ಕೆ ಎಂಟು ಚೆಂಡು ಸರಿಯಾಗಿ ಮರಳತೊಡಗಿದ ಮೇಲೆ ವೇಗ ಏರಿಸಬಹುದು, ತಲೆ ಓಲಾಡಲು ಬಿಡಬಹುದು.

ಯಂತ್ರ ಕಲಿಸದ ಪಾಠ

ಎದುರಾಳಿಯ ಭುಜ, ಮಣಿಕಟ್ಟು, ಬ್ಯಾಟಿನ ಓರೆ ಇವನ್ನು ನೋಡಿಯೇ ಆಟಗಾರ ಬರಲಿರುವ ಚೆಂಡನ್ನು ಊಹಿಸುತ್ತಾನೆ. ಯಂತ್ರಕ್ಕೆ ಮಣಿಕಟ್ಟಿಲ್ಲ. ಅದರೊಡನೆಯೇ ಬೆಳೆದ ಹುಡುಗ ಪಂದ್ಯದ ಮೊದಲ ಸರ್ವೀಸಿಗೇ ತಬ್ಬಿಬ್ಬಾಗುವುದು ಇದರಿಂದಲೇ. ಸರ್ವೀಸ್ ಅಭ್ಯಾಸಕ್ಕಂತೂ ಯಂತ್ರ ಬೇಡವೇ ಬೇಡ, ಒಂದು ಬುಟ್ಟಿ ಚೆಂಡು ಸಾಕು.

ಕೊಳ್ಳಲು ಹೊರಟ ತಂದೆತಾಯಿಯರು ಇದನ್ನು ಯೋಚಿಸಬೇಕು. ಅದೇ ಬುಟ್ಟಿಯಿಂದ ಅಪ್ಪನೋ ಅಕ್ಕನೋ ಒಂದೊಂದೇ ಚೆಂಡನ್ನು ಬ್ಯಾಟಿನಿಂದ ತಳ್ಳಿ ಕೊಡಬಹುದು. ತರಬೇತುದಾರರು ‘ಮಲ್ಟಿಬಾಲ್’ ಎಂದು ಕರೆಯುವುದು ಇದನ್ನೇ. ದುಬಾರಿ ಯಂತ್ರವನ್ನು ಶಾಲೆ ಅಥವಾ ಕ್ಲಬ್ಬು ಕೊಂಡರೆ ಹತ್ತಾರು ಮಕ್ಕಳಿಗೆ ದಕ್ಕುತ್ತದೆ. ಮನೆಯಲ್ಲಿ ಯಂತ್ರವಿದ್ದರೂ ಪಕ್ಕದಲ್ಲೊಬ್ಬರು ನಿಂತು ಮಗುವಿನ ಕಾಲು, ಕೈ ಗಮನಿಸುತ್ತಿರಬೇಕು.

ಮಾಡಿ ನೋಡಿ

ಚೆಂಡನ್ನು ಮೇಜಿನ ಮೇಲಿಟ್ಟು ನಿಮ್ಮ ಕಡೆಯ ಅಂಚನ್ನು ತೋರುಬೆರಳಿನಿಂದ ಒತ್ತಿ ಚಿಮ್ಮಿಸಿ. ಅದು ಮುಂದೆ ಸರಿದು, ನಿಂತು, ತಾನಾಗಿ ಹಿಂದಕ್ಕೆ ಬರುತ್ತದೆ. ಚೆಂಡು ಮುಂದೆ ಹೋಗುವಾಗಲೂ ಹಿಮ್ಮುಖವಾಗಿ ಸುತ್ತುತ್ತಿರುತ್ತದೆ. ಮೇಜಿನ ಘರ್ಷಣೆ ಅದನ್ನು ಮರಳಿಸುತ್ತದೆ. ಬೆರಳಿಗೆ ಇಷ್ಟು ತಿಳಿದರೆ ಬ್ಯಾಟಿಗೆ ಬ್ಯಾಕ್ ಸ್ಪಿನ್ ಅರ್ಧ ಕಲಿಸಿದಂತೆಯೇ.